ಶೆಟ್ಟಿಹಳ್ಳಿಯ ಗೋಡೆಗಳು

ಪರದೇಶದವರು ಕಟ್ಟಿ ಬಿಟ್ಟುಹೋದ ಕಟ್ಟಡಗಳನ್ನು ನೋಡುವ ಆಸೆಯುಳ್ಳವರು ಜಾವಾ ದ್ವೀಪದ ಜಕಾರ್ತದಂಥ ನಗರಗಳನ್ನು ಹುಡುಕಿಕೊಂಡು ಹೋಗುವುದುಂಟು. ಅಲ್ಲಿ ಡಚ್ಚರು 1710ರಲ್ಲಿ ಕಟ್ಟಿ ಮುಗಿಸಿದ ಪುರಭವನವೊಂದಿದೆ. ಡಚ್ಚರು ಹೋದರು, ಊರಿನವರು ಉಳಿದರು. 1974ರಿಂದ ಅದು ಆ ಊರಿನ ಚರಿತ್ರೆಯ ವಸ್ತುಸಂಗ್ರಹಾಲಯವಾಗಿದೆ. ಕಟ್ಟಿದವರು ಹೋದರೂ ಊರು ಉಳಿದರೆ ಕಟ್ಟಡಕ್ಕೆ ಮತ್ತೊಂದು ಬಾಳುಂಟು. ಊರೇ ಹೋದರೆ? ಈ ಪ್ರಶ್ನೆ ನನಗೆ ಎದುರಾದದ್ದು ನಮ್ಮ ಹಾಸನ ಜಿಲ್ಲೆಯಲ್ಲಿಯೇ.

ಅದಕ್ಕೆ ಒಂದು ಹಗಲಿನ ತಿರುಗಾಟ ಸಾಕಾಯಿತು. ಬೆಳಿಗ್ಗೆ ಸಕಲೇಶಪುರ ದಾಟಿ, ಮಂಗಳೂರು ದಾರಿಯಲ್ಲಿರುವ ಮಂಜರಾಬಾದಿನ ಗುಡ್ಡವನ್ನು ಹತ್ತಿದೆ. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ಕೋಟೆ ಅದು. ಬಂಡೆಯ ಏರಿಳಿತವನ್ನನುಸರಿಸಿ ಸಾಗುವ ನಮ್ಮ ಹಳೆಯ ದುರ್ಗಗಳ ರೀತಿಯದಲ್ಲ. ಎಂಟು ಮೂಲೆಗಳ ನಕ್ಷತ್ರ. ಫಿರಂಗಿಯ ಯುದ್ಧಕ್ಕೆಂದು ಫ್ರಾನ್ಸಿನ ವೊಬಾನ್ ಬೆಳೆಸಿದ ಪದ್ಧತಿ. ಒಂದು ಮೂಲೆಯ ಬುಡಕ್ಕೆ ಬಂದ ಶತ್ರುವನ್ನು ಪಕ್ಕದ ಮೂಲೆಯಿಂದ ಹೊಡೆಯಬಹುದು, ಅಡಗಲು ಮರೆಯೆಂಬುದಿಲ್ಲ. ನಡುವೆ ಮೆಟ್ಟಿಲುಗಳ ಕೊಳ, ಅದರ ಸಮೀಪ ನೆಲದೊಳಗಿನ ಮದ್ದಿನ ಮನೆಗಳು. ಇಷ್ಟೆಲ್ಲ ಸಿದ್ಧತೆ ಇದ್ದರೂ, ಟಿಪ್ಪುವಿನ ಅದೃಷ್ಟ ತೀರ್ಮಾನವಾದದ್ದು 1799ರಲ್ಲಿ, ದೂರದ ಶ್ರೀರಂಗಪಟ್ಟಣದಲ್ಲಿ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದವರಲ್ಲಿ ಇನ್ನೊಂದು ಬಗೆಯ ಫ್ರೆಂಚರಿದ್ದರು. ಅಬ್ಬೆ ದುಬ್ವಾ ಎಂಬ ಪಾದ್ರಿ ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯೊಂದನ್ನು ಸ್ಥಾಪಿಸಿದರು. ಅವರ ನಂತರ ಬಂದ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಶೆಟ್ಟಿಹಳ್ಳಿಯಲ್ಲಿ ದೊಡ್ಡದೊಂದು ಚರ್ಚನ್ನು ಎಬ್ಬಿಸಿದರು. ಮಧ್ಯಾಹ್ನ ನಾನು ಹೋದದ್ದು ಅಲ್ಲಿಗೆ.

ಸೂರಿಲ್ಲ. ಮೊನಚು ಕಮಾನುಗಳು ಬಯಲಿನಲ್ಲಿ ನಿಂತಿವೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಸುತ್ತಲಿನವರು ಹೇಳುತ್ತಾರೆ. ಬೇಸಗೆಯಲ್ಲಿ ಒಳಗೆ ನಡೆದಾಡಬಹುದು. ಮಳೆಗಾಲ ಕಳೆಯುವ ವೇಳೆಗೆ ಹೇಮಾವತಿಯ ಹಿನ್ನೀರು ಗೋಡೆಗಳ ಅರ್ಧದವರೆಗೂ ಏರುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರಿನ ಬಳಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟು ಸುಮಾರು 37 ಟಿ.ಎಂ.ಸಿ. ನೀರನ್ನು ತಡೆದು ನಿಲ್ಲಿಸುತ್ತದೆ. ಆ ನೀರಿಗೆಡೆ ಮಾಡಿಕೊಟ್ಟು ಶೆಟ್ಟಿಹಳ್ಳಿಯವರು ಮನೆ, ಹೊಲ, ಪ್ರಾರ್ಥನೆಯ ಜಾಗವನ್ನೆಲ್ಲ ಬಿಟ್ಟು ಬೇರೆಡೆಗೆ ಹೋದರು.

ಮಂಜರಾಬಾದನ್ನು ಕಟ್ಟಿದ್ದು ಸಿಪಾಯಿಗಳಿಗಾಗಿ. ಸಿಪಾಯಿಗಳು ಹೋದ ಮೇಲೆ ಅದು ನೋಟಕರ ಪಾಲಾದುದು ಸಹಜ. ಶೆಟ್ಟಿಹಳ್ಳಿಯ ಚರ್ಚು ಹಾಗಲ್ಲ. ಮದುವೆ, ನಾಮಕರಣ, ಸಾವು ಎಂದು ನಾಲ್ಕಾರು ತಲೆಮಾರುಗಳು ಅದರ ಬಾಗಿಲಿಗೆ ಬಂದಿದ್ದುವು. ಅಷ್ಟು ಹೊತ್ತಿಗೆ ಅದು ಫ್ರೆಂಚರ ಕಟ್ಟಡವಾಗಿ ಉಳಿದಿರಲಿಲ್ಲ, ಊರಿನವರದಾಗಿತ್ತು. ಅದನ್ನು ಬರಿದುಮಾಡಿದ್ದು ಯಾವ ಶತ್ರುವೂ ಅಲ್ಲ. ಬೇರೆ ಊರುಗಳ ಗದ್ದೆಗೆ ನೀರುಣಿಸಬೇಕೆಂಬ ನಮ್ಮದೇ ಸದುದ್ದೇಶ.

ಆ ಉದ್ದೇಶವನ್ನು ಹಳಿಯುವುದು ನನ್ನ ಅಭಿಪ್ರಾಯವಲ್ಲ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ನಾಲೆಗಳಲ್ಲಿ ಹೇಮಾವತಿ ಹರಿಯುತ್ತಾಳೆ. ತುಮಕೂರು ನಗರಕ್ಕೆ ಕುಡಿಯುವ ನೀರೂ ಅವಳದೇ. ಆದರೆ ಮುಳುಗಿದ ಚರ್ಚಿನ ಚೆಲುವನ್ನು ಹೊಗಳಿ ಚಿತ್ರ ತೆಗೆದುಕೊಳ್ಳುವ ನಾವು, ಪಾದ್ರಿಗಳ ಹೆಸರನ್ನು ವಿಚಾರಿಸುವಷ್ಟೇ ಆಸಕ್ತಿಯಿಂದ ಅಲ್ಲಿಂದ ಎದ್ದುಹೋದ ಒಕ್ಕಲುಗಳನ್ನೂ ವಿಚಾರಿಸಬೇಕು. ಆ ಗೋಡೆಗಳ ಚರಿತ್ರೆಯ ಉತ್ತರಾರ್ಧ ಇರುವುದು ಅವರ ಬಳಿ.