ಖದೀಜಾ ಸುಲ್ತಾನಾ (ಬಡೀ ಸಾಹಿಬಾ)

ವಿಜಯಪುರದ ಆದಿಲಶಾಹಿ ವಂಶದ ಏಳನೆಯ ಸುಲ್ತಾನನಾದ ಮಹಮ್ಮದ್ ಆದಿಲಶಾಹನ (1627-1656) ರಾಣಿ. ಎಂಟನೆಯ ಸುಲ್ತಾನನಾದ ಎರಡನೆಯ ಅಲಿ ಆದಿಲಶಾಹನನ್ನು (1656-1672) ಸಾಕಿ ಸಿಂಹಾಸನಕ್ಕೆ ಏರಿಸಿದವಳು. ಪತಿಯು ರೋಗಶಯ್ಯೆ ಹಿಡಿದ ಕಾಲದಿಂದ ಮೊದಲ್ಗೊಂಡು ಮಗನು ಆಡಳಿತದ ಸೂತ್ರಗಳನ್ನು ತಾನೇ ಕೈಗೆ ತೆಗೆದುಕೊಳ್ಳುವವರೆಗೆ, ಪರದೆಯ ಮರೆಯಲ್ಲಿಯೇ ಕುಳಿತು ರಾಜ್ಯದ ಸಂಧಿವಿಗ್ರಹಗಳನ್ನೂ ಪರದೇಶಿ ವರ್ತಕರೊಡನೆಯ ವ್ಯವಹಾರಗಳನ್ನೂ ನಿರ್ವಹಿಸಿದ ಈಕೆಯನ್ನು ಸಮಕಾಲೀನರು ಬಡೀ ಸಾಹಿಬಾ ಎಂದೂ, ಮಕ್ಕಾಯಾತ್ರೆಯ ತರುವಾಯ ಹಾಜೀ ಬಡೀ ಸಾಹಿಬಾ ಎಂದೂ ಕರೆದರು.

ಈಕೆಯ ತಂದೆ ಗೋಲಕೊಂಡದ ಸುಲ್ತಾನ ಮಹಮ್ಮದ್ ಕುತುಬಶಾಹ. ತಾಯಿ ಹಯಾತ್ ಬಕ್ಷಿ ಬೇಗಂ, ಹೈದರಾಬಾದು ನಗರವನ್ನು ಕಟ್ಟಿಸಿದ ಮಹಮ್ಮದ್ ಕುಲಿಯ ಮಗಳು. ಒಡಹುಟ್ಟಿದವನಾದ ಅಬ್ದುಲ್ಲಾ ಕುತುಬಶಾಹನು ಬಾಲ್ಯದಲ್ಲಿಯೇ ಪಟ್ಟವೇರಿದಾಗ ರಾಜ್ಯಕಾರ್ಯವನ್ನು ನೋಡಿಕೊಂಡವಳು ಆ ತಾಯಿಯೇ. ಆದುದರಿಂದ ರಾಜನೀತಿಯ ಪ್ರಥಮ ಪಾಠಗಳು ಖದೀಜಾಳಿಗೆ ತವರಿನ ಅಂತಃಪುರದಲ್ಲಿಯೇ ದೊರೆತವೆಂದು ಭಾವಿಸುವುದು ಅನುಚಿತವಾಗಲಾರದು. ಮೊಗಲರ ಒತ್ತಡ ದಿನೇ ದಿನೇ ಹೆಚ್ಚುತ್ತಿದ್ದ 1633ರ ಸುಮಾರಿಗೆ ನೆರವೇರಿದ ಈ ವಿವಾಹವು ದಖ್ಖಣದ ಎರಡು ರಾಜ್ಯಗಳನ್ನು ಬೆಸೆಯುವ ಸಂಧಿಯೂ ಆಗಿದ್ದಿತು. ವಧುವಿನ ಪರಿವಾರದೊಡನೆ ಗೋಲಕೊಂಡದಿಂದ ಬಂದವರಲ್ಲಿ ಮಲಿಕ್ ಖುಶ್ನೂದ್ ಎಂಬ ಗುಲಾಮನೊಬ್ಬನಿದ್ದನು. ಮುಂದೆ ಅವನು ವಿಜಯಪುರದ ದಖ್ಖನೀ ಕವಿಗಳಲ್ಲಿ ಗಣ್ಯನಾದನಲ್ಲದೆ, ದರಬಾರಿನ ರಾಯಭಾರಿಯಾಗಿ ಗೋಲಕೊಂಡಕ್ಕೆ ಹಿಂದಿರುಗಿ ಹೋಗಿಬರುವಷ್ಟು ಏಳ್ಗೆಯನ್ನೂ ಹೊಂದಿದನು.

1646ರ ಸುಮಾರಿನಲ್ಲಿ ಮಹಮ್ಮದನು ಕಾಯಿಲೆ ಬಿದ್ದನು. ಗೋಳಗುಮ್ಮಟದ ಕಟ್ಟೋಣವನ್ನೂ ಕರ್ನಾಟಕದ ದಕ್ಷಿಣ ಸೀಮೆಗಳ ದಂಡಯಾತ್ರೆಗಳನ್ನೂ ಕೈಗೊಂಡಿದ್ದ ಆ ರಾಜ್ಯದ ಆಡಳಿತಭಾರವು ಅಂದಿನಿಂದ ಕ್ರಮಕ್ರಮವಾಗಿ ರಾಣಿಯ ಕಡೆಗೆ ಸರಿಯಿತು.

ಆಕೆಯ ವ್ಯವಹಾರದ ಸ್ವರೂಪವನ್ನು ತಿಳಿಯಬೇಕಾದರೆ ಕೊಂಕಣದ ಕಡೆಗೆ ದೃಷ್ಟಿ ಹರಿಸಬೇಕು. ರಾಜಧಾನಿಯು ಸಮುದ್ರದಿಂದ ಬಹುದೂರವಿದ್ದರೂ ದಾಭೋಳ, ರಾಜಾಪುರ, ವೆಂಗುರ್ಲೆ, ಕಾರವಾರ ಮೊದಲಾದ ಬಂದರುಗಳು ಆದಿಲಶಾಹಿಯ ಅಧೀನದಲ್ಲಿದ್ದುವು. ಅರಬ್ಬೀ ಕುದುರೆಗಳು ಒಳನಾಡಿಗೆ ಬರುತ್ತಿದ್ದುದೂ, ಮೆಣಸು ಬಟ್ಟೆಗಳು ಹೊರಗೆ ಹೋಗುತ್ತಿದ್ದುದೂ ಇವುಗಳ ಮೂಲಕವೇ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯು 1637ರಲ್ಲಿ ವೆಂಗುರ್ಲೆಯಲ್ಲಿ ಕೋಠಿಯನ್ನು ತೆರೆಯಿತು. ಗೋವೆಯ ಪೋರ್ತುಗೀಸರ ಮೇಲೆ ಕಣ್ಣಿಡುವುದಕ್ಕೂ, ಬಂದರಿಗೆ ಅಡ್ಡಲಾಗಿ ನಿಂತಿದ್ದ ತಮ್ಮ ನೌಕಾಪಡೆಗೆ ದವಸಧಾನ್ಯ ಒದಗಿಸುವುದಕ್ಕೂ ಆ ನೆಲೆ ಅವರಿಗೆ ಅತ್ಯಾವಶ್ಯಕವಾಗಿದ್ದಿತು. ಇದೇ ಕಂಪನಿಯು ಜಪಾನಿನ ನಾಗಾಸಾಕಿಯಲ್ಲಿಯೂ ವ್ಯಾಪಾರ ನಡೆಯಿಸುತ್ತ ಅಲ್ಲಿನ ತಾಮ್ರವನ್ನು ಭಾರತದ ಬಂದರುಗಳಿಗೆ ತಂದು ಮಾರುತ್ತಿದ್ದಿತು. ಇಷ್ಟು ದೂರದವರೆಗೆ ಕೈಚಾಚಿದ್ದ ವರ್ತಕಸಂಸ್ಥೆಯೂ ವೆಂಗುರ್ಲೆಯಲ್ಲಿ ನಿಲ್ಲಬೇಕಾದರೆ ವಿಜಯಪುರದ ದರಬಾರಿನ ಫರ್ಮಾನನ್ನು ಆಶ್ರಯಿಸಲೇಬೇಕಾಗಿದ್ದಿತು. ಒಳನಾಡಿನ ಎರೆನೆಲದಲ್ಲಿ ಕುಳಿತು ಕಡಲಿನ ಸುಂಕದ ಮೇಲೆ ಹಿಡಿತವಿಡುವುದು ಎಂತಹ ಪ್ರಯಾಸದ ಕೆಲಸವಾಗಿದ್ದಿತೆಂಬುದು ಭೂಪಟವನ್ನು ನೋಡಿದವರಿಗೆ ವೇದ್ಯವಾಗುತ್ತದೆ.

1656ನೆಯ ವರ್ಷವು ತಾಯಿಗೂ ಮಗಳಿಗೂ ಸಮಾನವಾದ ಅಗ್ನಿಪರೀಕ್ಷೆಯನ್ನು ತಂದಿತು. ಆ ವರ್ಷದ ಮೊದಲಲ್ಲಿ ಔರಂಗಜೇಬನು ಗೋಲಕೊಂಡವನ್ನು ಮುತ್ತಿದಾಗ ವೃದ್ಧೆಯಾದ ಹಯಾತ್ ಬಕ್ಷಿ ಬೇಗಮಳು ತಾನಾಗಿಯೇ ಅವನ ಪಾಳೆಯಕ್ಕೆ ಹೋಗಿ ಮಗನ ಪರವಾಗಿ ಸಂಧಾನ ನಡೆಯಿಸಿದಳು. ನವೆಂಬರಿನಲ್ಲಿ ಇತ್ತ ಮಹಮ್ಮದ್ ಆದಿಲಶಾಹನು ಕಾಲವಾಗಲು, ಹದಿನೆಂಟರ ತರುಣನಾದ ಅಲಿಯನ್ನು ಬಡೀ ಸಾಹಿಬಾ ಪಟ್ಟಕ್ಕೆ ಕೂರಿಸಿದಳು. ಅಲಿಯು ಸುಲ್ತಾನನ ಔರಸಪುತ್ರನೇ ಅಲ್ಲವೆಂಬ ಅಪವಾದವನ್ನು ನೆಪಮಾಡಿಕೊಂಡು ಔರಂಗಜೇಬನು ದಂಡೆತ್ತಿ ಬಂದು, 1657ರಲ್ಲಿ ಬೀದರನ್ನೂ ಕಲ್ಯಾಣವನ್ನೂ ವಶಪಡಿಸಿಕೊಂಡನು. ಷಾಹಜಹಾನನ ಆಜ್ಞೆಯಿಂದ ಯುದ್ಧ ನಿಂತಾಗ 1 ಕೋಟಿ ರೂಪಾಯಿಗಳ ದಂಡವನ್ನು ವಿಜಯಪುರವು ಒಪ್ಪಿಕೊಳ್ಳಬೇಕಾಯಿತು. ಶತ್ರುವಿನೊಡನೆ ಒಳಸಂಚು ಮಾಡಿದನೆಂಬ ಸಂಶಯಕ್ಕೆ ಈಡಾದ ಪ್ರಧಾನಿ ಖಾನ್ ಮಹಮ್ಮದನು ಅದೇ ವರ್ಷ ರಾಜಧಾನಿಯಲ್ಲಿ ಹತನಾದನು. ಆ ಕೊಲೆಯು ಕ್ರೂರವೆನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಅಂದಿನ ದರಬಾರಿನಲ್ಲಿ ಅನುಮಾನಕ್ಕೆ ಅದಕ್ಕಿಂತ ಸೌಮ್ಯವಾದ ಪರಿಹಾರವು ರೂಢಿಯಲ್ಲಿರಲಿಲ್ಲ.

ಶಿವಾಜಿಯ ವಿರುದ್ಧ ಸರದಾರ ಅಫ್ಜಲಖಾನನನ್ನು ಕಳುಹಿಸಿದುದು 1659ರಲ್ಲಿ. ಖಾನನ ಬಲವು ಸಾಲದೆಂದು ಅರಿತ ರಾಣಿಯು ಸ್ನೇಹವನ್ನು ನಟಿಸೆಂದು ಸಲಹೆಯಿತ್ತಳೆಂಬುದಾಗಿ ರಾಜಾಪುರದ ಇಂಗ್ಲಿಷ್ ಕೋಠಿಯವನೊಬ್ಬನು ಆ ವರ್ಷದ ಡಿಸೆಂಬರಿನಲ್ಲಿ ಪತ್ರ ಬರೆದಿದ್ದಾನೆ. ಪ್ರತಾಪಗಡದಲ್ಲಿ ನವೆಂಬರ್ 10ರಂದು ಖಾನನು ಮಡಿದನು. ವಿಜಯಪುರದ ಜನರ ಬಾಯಲ್ಲಿ ಇಂದಿಗೂ ಉಳಿದಿರುವುದು ಖಾನನು ಹೊರಡುವ ಮೊದಲು ತನ್ನ ಹೆಂಡಿರನ್ನೆಲ್ಲ ಕೊಂದನೆಂಬ, ಅರವತ್ತು ಗೋರಿಗಳ ಸಾಠ್ ಕಬರ್‌ನ ಕಥೆಯೇ ಹೊರತು, ಆ ದಂಡಯಾತ್ರೆಯ ಹಿಂದಿದ್ದ ರಾಣಿಯ ಲೆಕ್ಕಾಚಾರವಲ್ಲ.

ಅಲಿಯು ಪ್ರಬುದ್ಧನಾದ ಮೇಲೆ, 1661ರಲ್ಲಿ, ಬಡೀ ಸಾಹಿಬಾ ವೆಂಗುರ್ಲೆಯಿಂದ ಡಚ್ಚರ ಹಡಗಿನಲ್ಲಿ ಮೋಖಾ ಬಂದರಿಗೆ ಹೋಗಿ ಹಜ್ ಯಾತ್ರೆಯನ್ನು ಪೂರೈಸಿದಳು. ಈ ಪ್ರಯಾಣದಲ್ಲಿ ಭಕ್ತಿಯೆಷ್ಟೋ ವ್ಯವಹಾರಜ್ಞಾನವೂ ಅಷ್ಟೇ ಇದೆ. ಆ ಕಡಲಿನಲ್ಲಿ ಸಂಚರಿಸುವ ಹಡಗುಗಳು ಪೋರ್ತುಗೀಸರ ರಹದಾರಿಯನ್ನು ಕೊಳ್ಳಬೇಕೆಂಬ ಕಟ್ಟಳೆಯಿದ್ದಿತು. ಯೇಸು ಮೇರಿಯರ ಚಿತ್ರಗಳಿದ್ದ ಆ ಕಾಗದವನ್ನು ಹಿಡಿದು ಮಕ್ಕಾಕ್ಕೆ ಹೋಗುವುದು ಸಲ್ಲದೆಂಬ ಆಕ್ಷೇಪವು ಅಕ್ಬರನ ಕಾಲದಲ್ಲಿಯೇ ಕೇಳಿಬಂದಿದ್ದಿತು. ಪೋರ್ತುಗೀಸರ ಹಗೆಗಳ ಹಡಗನ್ನೇ ಏರಿದವಳಿಗೆ ಆ ಮುಜುಗರವಿಲ್ಲ. ಡಚ್ಚರಿಗಾದರೋ ರಾಜಮಾತೆಯನ್ನು ಕರೆದೊಯ್ದ ಉಪಕಾರವು ದರಬಾರಿನಲ್ಲಿ ಬಂಡವಾಳವಾಯಿತು.

ಈ ರಾಣಿಯ ಸಾಹಿತ್ಯಾಭಿರುಚಿಯ ಸಾಕ್ಷಿಯಾಗಿ ನಿಂತಿರುವ ಕೃತಿ ಖಾವರನಾಮಾ. ಪೈಗಂಬರರ ಅಳಿಯನಾದ ಹಜರತ್ ಅಲಿಯ ಸಾಹಸಗಳನ್ನು ವರ್ಣಿಸುವ ಇಬ್ನ್ ಹುಸಾಮನ ಪಾರಸೀ ಮಹಾಕಾವ್ಯವನ್ನು ಆಕೆಯ ಅಪ್ಪಣೆಯಂತೆ ಕಮಾಲ್ ಖಾನ್ ರುಸ್ತುಮಿಯು 1649ರಲ್ಲಿ ದಖ್ಖನಿಗೆ ತಂದನು. ಸುಮಾರು 24,000 ದ್ವಿಪದಿಗಳ ಈ ಬೃಹತ್ಕೃತಿಯನ್ನು ಪಾರಸಿಯಲ್ಲಿಯೇ ಬಿಡದೆ ಅರಮನೆಯ ಹೆಂಗಸರಿಗೂ ಸೈನಿಕರಿಗೂ ಅರ್ಥವಾಗುವ ಆಡುನುಡಿಗೆ ತರಿಸಿದುದರಲ್ಲಿ ಆಕೆಯ ವಿವೇಕ ಕಾಣುತ್ತದೆ. ಇದರ ಸಚಿತ್ರ ಹಸ್ತಪ್ರತಿಯೊಂದು ಲಂಡನ್ನಿನಲ್ಲಿದೆ.

ಚಾಂದ್ ಬಾವಡಿ (1579), ತಾಜ್ ಬಾವಡಿ (1620), ಬೇಗಂ ತಲಾಬ್ (1651) ಎಂದು ವಿಜಯಪುರದ ಜಲಾಶಯಗಳು ರಾಣಿಯರ ಹೆಸರನ್ನು ಇಂದಿಗೂ ಹೊತ್ತಿವೆ. ಆ ಸಾಲಿನಲ್ಲಿ ಬಡೀ ಸಾಹಿಬಾಳ ಹೆಸರಿಲ್ಲ. ಕಲ್ಲನ್ನು ನೋಡಿ ಚರಿತ್ರೆಯನ್ನು ನೆನೆಯುವ ಅಭ್ಯಾಸದಿಂದ ಈಕೆಗೆ ನಷ್ಟವಾಗಿದೆಯೆಂದೇ ಹೇಳಬೇಕು. 1580ರ ಬಳಿಕ ಬಾಲಕನಾದ ಎರಡನೆಯ ಇಬ್ರಾಹಿಮನ ಪರವಾಗಿ ಆಳಿದ ಚಾಂದ್ ಬೀಬಿಯು ಸರದಾರರ ಕೈಯಲ್ಲಿ ಸಾತಾರೆಯ ಕೋಟೆಯ ಸೆರೆಯನ್ನೂ ಅನುಭವಿಸಿ, ಮುಂದೆ ಅಹಮದನಗರದ ಕೋಟೆಯಲ್ಲಿ ಕತ್ತಿ ಹಿಡಿದುದರಿಂದ ಲಾವಣಿಗೂ ಚಿತ್ರಕ್ಕೂ ವಸ್ತುವಾದಳು. ಹಣಕಾಸು, ಬಂದರು, ಪತ್ರವ್ಯವಹಾರಗಳಲ್ಲಿ ಬಾಳನ್ನು ಸವೆಸಿದವಳಿಗೆ ಅಂತಹ ಕೀರ್ತಿ ಸುಲಭವಾಗಿ ಒದಗುವುದಿಲ್ಲ.

1664ರಲ್ಲಿ ಶಿವಾಜಿಯು ವೆಂಗುರ್ಲೆಯನ್ನು ಸುಟ್ಟನು; ಕೊಂಕಣದ ಆದಾಯವು ಆದಿಲಶಾಹಿಯ ಕೈಬಿಡುತ್ತ ಹೋಯಿತು. 1672ರಲ್ಲಿ ಅಲಿಯು ಮರಣಹೊಂದಲು ಅವನ ಎಳೆಯ ಮಗ ಸಿಕಂದರನ ಹೆಸರಿನಲ್ಲಿ ಖವಾಸಖಾನ, ಬಹಲೋಲಖಾನ ಮೊದಲಾದ ಸರದಾರರು ಅಧಿಕಾರಕ್ಕಾಗಿ ಕಚ್ಚಾಡಿದರು. 1679ರಲ್ಲಿ ಅಲಿಯ ಮಗಳು ಶಹರ್ ಬಾನುವನ್ನು ಮೊಗಲರ ಪಾಳೆಯಕ್ಕೆ ಕಳುಹಿಸಿ ಕೊಡಲಾಯಿತು. ಆಕೆ ಔರಂಗಜೇಬನ ಮಗ ಆಜಮನನ್ನು ವರಿಸಿದಳು. ಆದರೂ ಮುತ್ತಿಗೆ ತಪ್ಪಲಿಲ್ಲ. 1686ರ ಸೆಪ್ಟೆಂಬರಿನಲ್ಲಿ ಸಿಕಂದರನು ಕೋಟೆಯನ್ನು ಔರಂಗಜೇಬನಿಗೆ ಒಪ್ಪಿಸಿದನು.