ನೆಲಕ್ಕೆ ಬಿದ್ದ ಚಿನ್ನ ಯಾರಿಗೂ ಬೇಡವಾದಾಗ

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಗೇಮ್‌ನ ಇತಿಹಾಸ ಇದೆ. ಆದರೆ ಕಥೆ ಪೂರ್ತಿ ದುಡ್ಡಿನದ್ದು.

ನಾನು ಐದನೇ ಕ್ಲಾಸಲ್ಲಿದ್ದಾಗ ನಮ್ಮೂರ ಸೈಬರ್ ಸೆಂಟರ್‌ನಲ್ಲಿ ಒಬ್ಬ ಅಣ್ಣ ‘ಡಯಾಬ್ಲೊ 2’ ಆಡ್ತಿದ್ದರು. ರಾಕ್ಷಸ ಸತ್ತು, ನೆಲದ ಮೇಲೆ ಚಿನ್ನ ಬಿತ್ತು. ಅಣ್ಣ ತಿರುಗಿಯೂ ನೋಡದೆ ಮುಂದೆ ಹೋದರು. “ಅಣ್ಣಾ, ದುಡ್ಡು ಬಿಟ್ರಿ!” ಅಂತ ಕೂಗಿದೆ. “ಅದಕ್ಕೆ ಏನೂ ಬರಲ್ಲ ಕಣೋ” ಅಂದರು. ಆ ಮಾತು ಅರ್ಥ ಆಗೋಕೆ ನಾನು ಬಿ.ಕಾಂ. ಸೇರಬೇಕಾಯ್ತು.

‘ಡಯಾಬ್ಲೊ 2’ ಬಂದಿದ್ದು 2000ದ ಜೂನ್‌ನಲ್ಲಿ. ತಯಾರಿಸಿದ್ದು ಅಮೆರಿಕದ ಬ್ಲಿಝಾರ್ಡ್ ಕಂಪನಿ. ಗೇಮ್‌ನ ಆರ್ಥಿಕತೆಯನ್ನ ಮನೆಯ ನೀರಿನ ತೊಟ್ಟಿ ಅಂದ್ಕೊಳ್ಳಿ. ಮೇಲೆ ನಲ್ಲಿ, ಕೆಳಗೆ ನೀರು ಹೋಗೋ ತೂತು. ಇಲ್ಲಿ ನಲ್ಲಿ ಅಂದರೆ ಸಾಯುವ ರಾಕ್ಷಸರು. ಕೊಂದಷ್ಟೂ ಚಿನ್ನ. ನಮ್ಮಲ್ಲಿ ನೋಟು ಎಷ್ಟಿರಬೇಕು ಅಂತ ನೋಡೋಕೆ ರಿಸರ್ವ್ ಬ್ಯಾಂಕ್ ಇದೆ. ಅಲ್ಲಿ ಆಡುವ ಪ್ರತಿಯೊಬ್ಬರೂ ನೋಟು ಅಚ್ಚು ಹಾಕೋರೇ! ತೂತು ಮಾತ್ರ ಚಿಕ್ಕದು: ಆಯುಧ ರಿಪೇರಿ, ಅಂಗಡಿಯ ಜೂಜು, ಇಂಥವು. ಇನ್ನೊಂದು ತೊಂದರೆ, ಮೈಮೇಲೆ ಹೊರಬಹುದಾದ ಚಿನ್ನಕ್ಕೆ ಮಿತಿ ಇತ್ತು. ಲೆವೆಲ್ ಒಂದಕ್ಕೆ 10,000ದ ಲೆಕ್ಕ. ದೊಡ್ಡ ವ್ಯಾಪಾರಕ್ಕೆ ಬೇಕಾದಷ್ಟು ಚಿನ್ನ ಹೊತ್ತುಕೊಂಡು ಹೋಗೋಕೇ ಆಗ್ತಿರಲಿಲ್ಲ.

ಹಾಗಾಗಿ ಆಟಗಾರರು ತಾವೇ ಒಂದು ಹೊಸ ಹಣ ಹುಡುಕಿಕೊಂಡರು. ‘ಸ್ಟೋನ್ ಆಫ್ ಜೋರ್ಡನ್’ ಅನ್ನೋ ಉಂಗುರ. ಸಿಗೋದು ಅಪರೂಪ, ಚೀಲದಲ್ಲಿ ಒಂದೇ ಒಂದು ಚೌಕದ ಜಾಗ, ಹಾಳಾಗಲ್ಲ, ಯಾವ ಪಾತ್ರಕ್ಕಾದರೂ ಉಪಯೋಗ. ಒಳ್ಳೆ ಹಣಕ್ಕೆ ಇರಬೇಕಾದ ಗುಣ ಅಂತ ನಮ್ಮ ಮೇಷ್ಟ್ರು ಬೋರ್ಡ್ ಮೇಲೆ ಬರೆಸಿದ್ದೂ ಹೆಚ್ಚುಕಡಿಮೆ ಇದೇ ಪಟ್ಟಿ. ಈ ಕತ್ತಿಗೆ ಎರಡು ಉಂಗುರ, ಆ ಕವಚಕ್ಕೆ ಹತ್ತು, ಹೀಗೆ ವ್ಯಾಪಾರ ನಡೀತಿತ್ತು.

ಆಮೇಲೆ ಖೋಟಾ ನೋಟಿನವರು ಬಂದರು. ಸಾಫ್ಟ್‌ವೇರ್‌ನ ದೋಷ ಹಿಡಿದು ಒಂದು ಉಂಗುರವನ್ನ ಎರಡು ಮಾಡಿದರು, ಎರಡನ್ನ ನಾಲ್ಕು. ನಿದ್ದೆಗೆಟ್ಟು, ನಿಯತ್ತಾಗಿ ಆಡಿ ಒಂದು ಉಂಗುರ ಗಳಿಸಿದವನ ಕೈಯಲ್ಲಿ ಉಂಗುರ ಹಾಗೇ ಇತ್ತು. ಅದಕ್ಕೆ ಸಿಗೋ ಸಾಮಾನು ಮಾತ್ರ ಕಮ್ಮಿ ಆಗ್ತಾ ಹೋಯ್ತು.

2003ರ ಅಕ್ಟೋಬರ್‌ನಲ್ಲಿ 1.10 ಪ್ಯಾಚ್ ಬಂತು. ಅದರಲ್ಲಿ ಒಂದು ಚಾಲಾಕಿ ಇದೆ ನೋಡಿ. ಆಟಗಾರರು ಈ ಉಂಗುರಗಳನ್ನ ಗೇಮ್‌ನ ಅಂಗಡಿಗೆ ಮಾರಬೇಕು. ಸರ್ವರ್ ಲೆಕ್ಕ ಇಡುತ್ತೆ. ಸಾಕಷ್ಟು ಉಂಗುರ ಸೇರಿದಾಗ ಡಯಾಬ್ಲೊನ ಭಯಂಕರ ರೂಪ ಒಂದು ಎದ್ದು ಬರುತ್ತೆ. ಅವನನ್ನ ಕೊಂದರೆ ‘ಅನ್ನಿಹಿಲಸ್’ ಅನ್ನೋ ತಾಯಿತ ಸಿಗುತ್ತೆ. ಮಾರಿದ ಉಂಗುರ? ಮಾಯ! ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳದೆ, ಆಸೆ ತೋರಿಸಿ ತೊಟ್ಟಿಯ ತೂತು ದೊಡ್ಡದು ಮಾಡಿದ ಹಾಗಾಯ್ತು. ಅದೇ ಪ್ಯಾಚ್‌ನಲ್ಲಿ ‘ಲ್ಯಾಡರ್’ ಕೂಡ ಶುರುವಾಯ್ತು. ಹೊಸ ಸೀಸನ್ ಬಂದರೆ ಎಲ್ಲರೂ ಸೊನ್ನೆಯಿಂದ ಆರಂಭ.

ಇಷ್ಟು ಪಾಠ ಕಲಿತ ಮೇಲೂ 2012ರ ಮೇ ತಿಂಗಳಲ್ಲಿ ಬಂದ ‘ಡಯಾಬ್ಲೊ 3’ ಎಡವಿತು. ಅದರಲ್ಲಿ ಹರಾಜು ಕಟ್ಟೆ ಇತ್ತು, ನಿಜವಾದ ಡಾಲರ್‌ಗೂ ವ್ಯಾಪಾರ. ಸಮಸ್ಯೆ ಇಷ್ಟೇ: ಒಳ್ಳೆ ವಸ್ತು ಒಬ್ಬನಿಗೆ ಬೀಳೋದು ಅಪರೂಪ, ಆದರೆ ಲಕ್ಷಾಂತರ ಜನಕ್ಕೆ ಬಿದ್ದಿದ್ದೆಲ್ಲ ಒಂದೇ ಸಂತೆಗೆ ಬಂದರೆ ಅದು ಅಪರೂಪವೇ ಅಲ್ಲ. ವಸ್ತು ಸವೆದು ಮುಗಿಯೋದೂ ಇಲ್ಲ. ಹಾಗಾಗಿ ನಿಮಗೆ ಬಿದ್ದಿದ್ದೆಲ್ಲ ಕಸದ ಹಾಗೆ ಕಾಣುತ್ತೆ. 2013ರ ಮೇನಲ್ಲಿ ಒಂದು ಪ್ಯಾಚ್‌ನ ದೋಷದಿಂದ ಕೆಲವರು ಚಿನ್ನವನ್ನ ಲಕ್ಷ ಕೋಟಿಗಳ ಲೆಕ್ಕದಲ್ಲಿ ಸೃಷ್ಟಿಸಿಬಿಟ್ಟರು. ಕಟ್ಟೆಯನ್ನೇ ಸ್ವಲ್ಪ ದಿನ ಮುಚ್ಚಬೇಕಾಯ್ತು. 2014ರ ಮಾರ್ಚ್ 18ರಂದು ಶಾಶ್ವತವಾಗಿ ಬಾಗಿಲು ಹಾಕಿದರು. ಅದಕ್ಕೆ ಸ್ವಲ್ಪ ಮುಂಚೆ ಬಂದಿದ್ದೇ ‘ಲೂಟ್ 2.0’: ಬೀಳೋದು ಕಮ್ಮಿ, ಬಿದ್ದಿದ್ದು ನಿಮ್ಮ ಪಾತ್ರಕ್ಕೆ ಹೊಂದೋ ಹಾಗೆ, ಒಳ್ಳೆ ವಸ್ತು ನಿಮ್ಮ ಖಾತೆಗೇ ಅಂಟಿಕೊಂಡಿರುತ್ತೆ. ಸಂತೆಯೇ ಇಲ್ಲ ಅಂದ ಮೇಲೆ ಬೆಲೆ ಎಲ್ಲಿಂದ ಏರಬೇಕು?

ಇದೆಲ್ಲ ಆಟ ತಾನೇ ಅಂತೀರಾ? ನಮ್ಮಪ್ಪ ಅಕ್ಕನ ಕಾಲೇಜ್ ಫೀಸ್‌ಗೆ ಅಂತ ಐದು ವರ್ಷ ಆರ್‌ಡಿ ಕಟ್ಟಿದ್ದರು. ಬ್ಯಾಂಕ್‌ನವರು ಬಡ್ಡಿ ಸಮೇತ ಪೂರ್ತಿ ಕೊಟ್ಟರು, ಒಂದು ಪೈಸೆ ಕಮ್ಮಿ ಇಲ್ಲ. ಆದರೆ ಅಷ್ಟರಲ್ಲಿ ಫೀಸ್ ಓಡಿಹೋಗಿತ್ತು. ಉಳಿದಿದ್ದಕ್ಕೆ ಅಮ್ಮನ ಬಳೆ ಅಡವಿಟ್ಟರು. ಪಾಸ್‌ಬುಕ್ ನೋಡ್ತಾ “ನಾನೆಲ್ಲಿ ತಪ್ಪಿದೆ?” ಅಂತ ಅಪ್ಪ ಕೇಳಿದ್ದು ನನಗಿನ್ನೂ ನೆನಪಿದೆ. ಅವರು ಎಲ್ಲೂ ತಪ್ಪಿರಲಿಲ್ಲ. ಉಂಗುರ ಜೋಪಾನ ಮಾಡಿದ ಆ ಆಟಗಾರನೂ ತಪ್ಪಿರಲಿಲ್ಲ.

ಮುಂದಿನ ಸಲ ಫೋನ್‌ನಲ್ಲಿ ಯಾವುದಾದರೂ ಗೇಮ್ ನಿಮಗೆ ಪುಕ್ಕಟೆ ನಾಣ್ಯ ಸುರಿದರೆ, ಖುಷಿಪಡೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ: ಈ ತೊಟ್ಟಿಯ ತೂತು ಎಲ್ಲಿದೆ? ಕೆಲವು ಸಲ ಅದು ನಿಮ್ಮ ಜೇಬಲ್ಲೇ ಇರುತ್ತೆ.