ಕುತ್ತಿಗೆ ನೋವು: ಅಡಿಕೆ ಸೀಮೆಯಲ್ಲಿ ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆಯ ಇತಿಹಾಸ

ಮೂರು ತಿಂಗಳು ಕಳೆದರೂ ಬಿಡದ ಕತ್ತಿನ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಎಣಿಸುತ್ತಾರೆ. ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಈ ನೋವಿನ ಕಥೆಗೂ ಅಡಿಕೆ ತೋಟದ ದುಡಿಮೆಯ ಕಥೆಗೂ ಬಿಡಿಸಲಾಗದ ನಂಟು. ಐದು ಕಿಲೋ ಆಸುಪಾಸು ತೂಗುವ ತಲೆಯನ್ನು ಕತ್ತಿನ ಏಳು ಮಣಿಗಳು ಹೊತ್ತಿರುತ್ತವೆ. ತೋಟದ ಕೆಲಸ ಆ ತಲೆಯನ್ನು ಗಂಟೆಗಟ್ಟಲೆ ಮೇಲಕ್ಕೆತ್ತಿಸುತ್ತದೆ, ಕೆಳಗೆ ಬಗ್ಗಿಸುತ್ತದೆ, ಅದರ ಮೇಲೆ ಹೊರೆಯನ್ನೂ ಹೇರುತ್ತದೆ.

ಹೊರೆಯೆಂದರೆ ಮೊದಲು ನೆನಪಾಗುವುದು ಸೊಪ್ಪು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಬಳಿಕ ಬ್ರಿಟಿಷರ ಅರಣ್ಯ ಆಡಳಿತ ಬಿಗಿಯಾಗುತ್ತ ಹೋದರೂ ತೋಟಕ್ಕೆ ಸೊಪ್ಪಿನ ಬೆಟ್ಟದ ಹಕ್ಕು ಉಳಿಯಿತು; ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಅಲ್ಲಿ ಸವರಿದ ಸೊಪ್ಪು ಕೊಟ್ಟಿಗೆಗೂ ತೋಟಕ್ಕೂ ಬಂದದ್ದು ಬಹುಪಾಲು ಹೆಂಗಸರ ತಲೆಯ ಮೇಲೆ. ತಲೆಹೊರೆ ಹೊರುವವರ ಕತ್ತಿನ ಮಣಿಗಳು ಬೇಗ ಸವೆಯುತ್ತವೆ ಎಂಬುದನ್ನು ಆಫ್ರಿಕದ ಹೊರೆಯಾಳುಗಳ ಎಕ್ಸ್‌ರೇ ನೋಡಿ 1997ರ ಅಧ್ಯಯನವೊಂದು ತೋರಿಸಿತು. ಮಲೆನಾಡಿನ ಹೆಂಗಸರ ಈ ನೋವಾದರೋ ಆಸ್ಪತ್ರೆಯ ಚೀಟಿಗೂ ಏರದೆ ಒಲೆಯ ಮುಂದೆಯೇ ಕಳೆದುಹೋಯಿತು.

ಎರಡನೆಯದು ಮೇಲೆ ನೋಡುವ ಕೆಲಸ. ಮರವೇರುವ ಕೊನೆಗೌಡ ತುದಿಯಿಂದ ಕೊಯ್ದ ಅಡಿಕೆ ಕೊನೆ ಹಗ್ಗದಗುಂಟ ಜಾರಿ ಬರುತ್ತದೆ. ಕೆಳಗೆ ಹಗ್ಗ ಹಿಡಿದವನು ಐವತ್ತು ಅಡಿ ಎತ್ತರಕ್ಕೆ ನೆಟ್ಟ ಕಣ್ಣು ಕೀಳುವಂತಿಲ್ಲ. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವಾಗಲೂ ಅದೇ ಭಂಗಿ. ಮೂರನೆಯದು ಸುಲಿತ. ಕೆಂಪಡಿಕೆ ಮಾಡುವ ಮನೆಯಲ್ಲಿ ಹಸಿ ಅಡಿಕೆಯನ್ನು ಇಟ್ಟುಕೊಳ್ಳುವಂತಿಲ್ಲ. ಹಗಲು ಕೊಯ್ದದ್ದನ್ನು ರಾತ್ರಿಯೆಲ್ಲ ಕೂತು ಸುಲಿಯಬೇಕು. ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಮೇಲ್ಮುಖವಾದ ಅಲಗಿಗೆ ಅಡಿಕೆ ಒತ್ತಿ ಸಿಪ್ಪೆ ಬಿಡಿಸುವಾಗ ಗಲ್ಲ ಎದೆಗೆ ತಾಗುವಷ್ಟು ಕತ್ತು ಬಗ್ಗುತ್ತದೆ. ಬೆರಳು ಕ್ಷಣಕ್ಷಣಕ್ಕೂ ಓಡಾಡುತ್ತದೆ. ಕತ್ತು ಮಾತ್ರ ಇದ್ದಲ್ಲೇ ಇರುತ್ತದೆ. ಸ್ನಾಯುವನ್ನು ದಣಿಸುವುದು ಈ ನಿಶ್ಚಲತೆಯೇ.

ಮೇಲೆ ನೋಡುವುದರಿಂದ ಕತ್ತು ಹಿಡಿಯುತ್ತದೆ ಎಂಬ ತಿಳಿವಳಿಕೆ ತೀರ ಹಳೆಯದು. ಸುಶ್ರುತ ಸಂಹಿತೆಯ ನಿದಾನಸ್ಥಾನವು ಮನ್ಯಾಸ್ತಂಭಕ್ಕೆ, ಅಂದರೆ ಕತ್ತು ಸೆಟೆದುಕೊಳ್ಳುವುದಕ್ಕೆ, ಹಗಲುನಿದ್ದೆ, ಕೂರುವ ನಿಲ್ಲುವ ರೀತಿ, ಕತ್ತು ಸೊಟ್ಟಗೆ ಮಾಡಿ ಮೇಲೆ ನೋಡುವುದು ಇವನ್ನು ಕಾರಣವೆಂದು ಹೇಳುತ್ತದೆ. ಕಫ ಆವರಿಸಿದ ವಾತವೆಂದು ಬಗೆದು ಒಣಶಾಖ ಮತ್ತು ಮೂಗಿಗೆ ಮದ್ದು ಬಿಡುವ ನಸ್ಯವನ್ನು ಶಾಸ್ತ್ರ ವಿಧಿಸಿತು. ಮನೆಮದ್ದು ತನ್ನದೇ ದಾರಿ ಹಿಡಿಯಿತು: ಎಣ್ಣೆ ಹಚ್ಚಿ, ಬಚ್ಚಲ ಹಂಡೆಯ ಬಿಸಿನೀರು ಹುಯ್ದುಕೊಳ್ಳುವುದು, ನೀರಿಗೆ ಲಕ್ಕಿ ಸೊಪ್ಪು ಹಾಕುವುದು, ಬಟ್ಟೆಯಲ್ಲಿ ಹುರಿದ ಉಪ್ಪು ಕಟ್ಟಿ ಶಾಖ ಕೊಡುವುದು. ಬಿಸಿ ತಾಗಿದ ಸ್ನಾಯು ಸಡಿಲವಾಗಿ ನೋವು ಕೆಲಹೊತ್ತು ಇಳಿಯುವುದು ನಿಜವೇ. ಈಗ ಆಯುರ್ವೇದ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಗ್ರೀವಾಬಸ್ತಿಯಲ್ಲಿ ಕತ್ತಿನ ಹಿಂದೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚನೆಯ ಎಣ್ಣೆ ನಿಲ್ಲಿಸುತ್ತಾರೆ. ಸಿದ್ದಾಪುರದಲ್ಲಿ ಧನ್ವಂತರಿ ಆಯುರ್ವೇದ ಕಾಲೇಜು ಇರುವುದರಿಂದ ಈ ಭಾಗದವರಿಗೆ ಇಂಥ ಚಿಕಿತ್ಸೆ ಅಪರಿಚಿತವಲ್ಲ.

ನಾಟಿ ಪದ್ಧತಿಯಲ್ಲಿ ಕೈಬಿಡಲೇಬೇಕಾದದ್ದೊಂದಿದೆ: ಕತ್ತನ್ನು ಫಕ್ಕನೆ ತಿರುಚಿ ನಟಿಗೆ ತೆಗೆಸುವುದು. ಮೆದುಳಿಗೆ ರಕ್ತ ಒಯ್ಯುವ ಕೆಲವು ನಾಳಗಳು ಕತ್ತಿನ ಮಣಿಗಳ ತೂತುಗಳ ಮೂಲಕವೇ ಹಾದುಹೋಗುತ್ತವೆ. ತಿರುಚಿದಾಗ ನಾಳದ ಒಳಪದರ ಹರಿದರೆ ಪಾರ್ಶ್ವವಾಯು ಬಡಿಯಬಹುದು. 2024ರಲ್ಲಿ ಸಲೂನಿನಲ್ಲಿ ಕತ್ತು ತಿರುಚಿಸಿಕೊಂಡ ಬಳ್ಳಾರಿಯ ಒಬ್ಬರಿಗೆ ಹಾಗೇ ಆದದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಆಧುನಿಕ ವೈದ್ಯದಲ್ಲಿ ಕತ್ತಿನ ಸವೆತದ ಸ್ಪಷ್ಟ ಚಿತ್ರ ಮೂಡಿದ್ದು 1952ರಲ್ಲಿ, ಲಂಡನ್ನಿನ ನರವೈದ್ಯ ರಸೆಲ್ ಬ್ರೈನ್ ಮತ್ತು ಸಂಗಡಿಗರು ಸರ್ವೈಕಲ್ ಸ್ಪಾಂಡಿಲೋಸಿಸ್‌ನ ನರಸಂಬಂಧಿ ಲಕ್ಷಣಗಳನ್ನು ವಿವರವಾಗಿ ಬರೆದಾಗ. ಅದೇ ದಶಕದ ಕೊನೆಗೆ ಕತ್ತಿನ ಮುಂಭಾಗದಿಂದ ಮಾಡುವ ಶಸ್ತ್ರಕ್ರಿಯೆ ಬಳಕೆಗೆ ಬಂತು. ಆದರೂ ಬಹುತೇಕ ರೋಗಿಗಳ ಪಾಲಿಗೆ ಬಂದದ್ದು ಕಾಲರ್, ಟ್ರ್ಯಾಕ್ಷನ್, ನೋವಿನ ಮಾತ್ರೆ. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯ ಸುತ್ತಿನ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಬಿಳಿ ಕಾಲರ್ ಕಳಚದವರನ್ನು ಹಿಂದೆ ಕಾಣಬಹುದಿತ್ತು. ಹಾಗೆ ಕಟ್ಟಿಕೊಂಡೇ ಇದ್ದರೆ ಸ್ನಾಯು ಸೊರಗುತ್ತದೆ ಎಂಬುದು ಈಗ ಒಪ್ಪಿತ ಮಾತು. ನರ ಒತ್ತಿ ತೋಳಿಗೆ ಇಳಿದ ಹೊಸ ನೋವಿಗೆ ಕೆಲವು ವಾರ ಕಾಲರ್ ಕಟ್ಟಿದರೆ ಉಪಯೋಗವಿದೆಯೆಂದು 2009ರ ಡಚ್ ಅಧ್ಯಯನ ಕಂಡುಕೊಂಡಿತು. ಅದಕ್ಕಿಂತ ಹೆಚ್ಚು ಬೇಕಿಲ್ಲ.

ಶಸ್ತ್ರಚಿಕಿತ್ಸೆಯ ಬಗೆಗಿನ ನಂಬಿಕೆಯನ್ನು ಸಡಿಲಿಸಿದ್ದು 1997ರ ಸ್ವೀಡಿಷ್ ಪ್ರಯೋಗ. ತೋಳಿಗೆ ಹರಡುವ ಹಳೆಯ ಕತ್ತುನೋವಿದ್ದ 81 ಮಂದಿಯಲ್ಲಿ ಕೆಲವರಿಗೆ ಶಸ್ತ್ರಕ್ರಿಯೆ, ಕೆಲವರಿಗೆ ಫಿಸಿಯೊಥೆರಪಿ, ಉಳಿದವರಿಗೆ ಕಾಲರ್. ಮೊದಲ ತಿಂಗಳುಗಳಲ್ಲಿ ಶಸ್ತ್ರಕ್ರಿಯೆ ಮುಂದಿತ್ತು. ವರ್ಷ ದಾಟುವಷ್ಟರಲ್ಲಿ ಮೂರೂ ಗುಂಪುಗಳ ನೋವು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿತ್ತು. 2003ರಲ್ಲಿ ಫಿನ್ಲೆಂಡಿನಲ್ಲಿ ಕಚೇರಿಗೆ ಹೋಗುವ 180 ಮಹಿಳೆಯರ ಮೇಲೆ ನಡೆದ ಇನ್ನೊಂದು ಪ್ರಯೋಗ ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯ. ವರ್ಷವಿಡೀ ಕತ್ತು, ಭುಜಗಳಿಗೆ ಬಲ ಬರಿಸುವ ವ್ಯಾಯಾಮ ಮಾಡಿದವರಲ್ಲಿ ನೋವು ಗಣನೀಯವಾಗಿ ಇಳಿಯಿತು. ಮೈ ಎಳೆದು ಸಡಿಲಿಸುವುದಷ್ಟನ್ನೇ ಮಾಡಿದವರಿಗೆ ಅಷ್ಟು ಫಲ ಸಿಗಲಿಲ್ಲ. ಕತ್ತಿಗೆ ವಿಶ್ರಾಂತಿ ಕೊಡು ಎನ್ನುತ್ತಿದ್ದ ವೈದ್ಯ ಕತ್ತಿಗೆ ಕೆಲಸ ಕೊಡು ಎನ್ನತೊಡಗಿದ್ದು ಹೀಗೆ. ಗಲ್ಲವನ್ನು ಹಿಂದಕ್ಕೆ ಎಳೆದು ಹಿಡಿಯುವುದು, ಅಂಗೈಯನ್ನು ಹಣೆಗೆ ಒತ್ತಿ ತಲೆ ಅಲುಗದಂತೆ ಎದುರೊತ್ತುವುದು, ಭುಜದ ಹಲಗೆಗಳನ್ನು ಹಿಂದಕ್ಕೆ ಕೂಡಿಸುವುದು: ಈ ಯಾವುದಕ್ಕೂ ಯಂತ್ರ ಬೇಡ, ಜಗಲಿ ಸಾಕು. ಎಕ್ಸ್‌ರೇಯಲ್ಲಿ ಸವೆತ ಕಂಡಿತೆಂದು ಹೆದರಿ ಕೂರಬೇಕಿಲ್ಲ. ಅರವತ್ತು ದಾಟಿದ ಬಹುತೇಕರ ಕತ್ತಿನಲ್ಲಿ, ನೋವೇ ಇಲ್ಲದವರಲ್ಲೂ, ಅದು ಕಾಣುತ್ತದೆ.

ಈ ಆರೈಕೆಗೂ ಒಂದು ಗಡಿಯಿದೆ. ಬೆರಳಿನಲ್ಲಿ ಅಡಿಕೆ ನಿಲ್ಲದೆ ಜಾರುವುದು, ಅಂಗಿಯ ಗುಂಡಿ ಹಾಕಲು ತಡಕಾಡುವುದು, ನಡಿಗೆ ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು ಬೆನ್ನುಹುರಿಯೇ ಒತ್ತಡಕ್ಕೆ ಸಿಕ್ಕಿರುವ ಸೂಚನೆ. ಇಲ್ಲಿ ಮನೆಮದ್ದಿಗೂ ವ್ಯಾಯಾಮಕ್ಕೂ ಕಾಯುವಂತಿಲ್ಲ. ಆದರೆ ಅದಕ್ಕೆ ಬೇಕಾದ ದೊಡ್ಡ ಆಸ್ಪತ್ರೆಗೆಂದು ಹೊರಟರೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರು, ಮಣಿಪಾಲ ಇನ್ನೂ ದೂರ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ದನಿಯೆತ್ತಿದ್ದರ ಹಿಂದೆ ಈ ದೂರವೇ ಇತ್ತು. ನೋವು ತಿನ್ನುತ್ತ ಮನೆಯಲ್ಲೇ ಉಳಿದ ಎಷ್ಟೋ ಮಂದಿಗೆ ಶಸ್ತ್ರಚಿಕಿತ್ಸೆ ಬೇಡವಾಗಿದ್ದುದರ ಕಾರಣ ವೈದ್ಯಕೀಯ ತೀರ್ಮಾನವಾಗಿರಲಿಲ್ಲ, ಬಸ್ ಖರ್ಚು ಮತ್ತು ಕೂಲಿ ತಪ್ಪುವ ಭಯವಾಗಿತ್ತು.

ಕತ್ತಿನ ಮಟ್ಟಿಗೆ ನಿಜವಾದ ಬದಲಾವಣೆ ತಂದದ್ದು ಕೆಲಸದ ಬದಲಾವಣೆ. ಸುಲಿಯುವ ಯಂತ್ರ ಬಂದಮೇಲೆ ಎಷ್ಟೋ ಮನೆಗಳಲ್ಲಿ ಮೆಟ್ಟುಗತ್ತಿ ಅಟ್ಟ ಸೇರಿತು. ಕೊನೆಗೌಡರು ಸಿಗದ ಕಾಲಕ್ಕೆ ಬಂದ ಕಾರ್ಬನ್ ಫೈಬರ್ ದೋಟಿ ಮರದಿಂದ ಬೀಳುವ ಅಪಾಯ ತಪ್ಪಿಸಿತು. ಆದರೆ ಉದ್ದನೆಯ ದೋಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ತುದಿಯ ಕತ್ತಿಯನ್ನು ಕೊನೆಯ ಬುಡಕ್ಕೆ ಸೇರಿಸುವವರೆಗೆ ತಲೆ ಹಿಂದಕ್ಕೆ ವಾಲಿಯೇ ಇರಬೇಕು. ಒಬ್ಬನೇ ದಿನವಿಡೀ ಇದನ್ನು ಮಾಡುವುದು ಕತ್ತಿಗೆ ಅನ್ಯಾಯ. ಮರದ ತೀರ ಬುಡಕ್ಕೆ ನಿಲ್ಲದೆ ಸ್ವಲ್ಪ ದೂರ ಸರಿದು ನಿಂತರೆ ತಲೆ ಅಷ್ಟು ಹಿಂದಕ್ಕೆ ವಾಲಬೇಕಿಲ್ಲ. ಇಬ್ಬರಿದ್ದರೆ ಒಬ್ಬ ದೋಟಿ ಹಿಡಿದಾಗ ಇನ್ನೊಬ್ಬ ಬಿದ್ದ ಅಡಿಕೆ ಹೆಕ್ಕಿ, ಕೆಲವು ಮರಗಳಾದ ಮೇಲೆ ಕೈ ಬದಲಿಸಿಕೊಳ್ಳಬಹುದು. 2020ರ ಕೊರೊನಾ ಕಾಲದಲ್ಲಿ ಊರಿಗೆ ಮರಳಿ ಲ್ಯಾಪ್‌ಟಾಪ್ ಹಿಡಿದು ಕೂತ ಮಕ್ಕಳು ಮತ್ತೆ ಅಜ್ಜಿಯರ ಸುಲಿತದ ಭಂಗಿಗೇ ಬಂದರು. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬರುವುದೇ ಅವರಿಗೂ ಮೊದಲ ಚಿಕಿತ್ಸೆ.